ತುಮಕೂರಿಂದ ಮರಡಿಹಳ್ಳಿ ಲಾವಾ ಗುಡ್ಡ, ದುರ್ಗದ ಝೂ: ಬಾಡಿಗೆ ಕಾರಲ್ಲಿ ಒಂದಿನದ ಟ್ರಿಪ್ ಹೆಂಗಿತ್ತು

ಮೊದ್ಲೇ ಹೇಳ್ಬಿಡ್ತೀನಿ, ಡ್ರೈವರಿಗೆ ಐದಕ್ಕೆ ಐದು, ಗಾಡಿಗೆ ಎರಡೂವರೆ, ಬುಕಿಂಗ್ ಮಾಡ್ಕೊಂಡ ಟ್ರಾವೆಲ್ಸ್ ಆಫೀಸಿಗೆ ಒಂದು. ಹೋದ ಜಾಗಕ್ಕೆ ಮಾತ್ರ ಐದಕ್ಕೆ ಇಷ್ಟು ಅಂತ ಹಾಕಕ್ಕೆ ನನ್ಗೆ ಮನಸ್ಸು ಬರ್ತಿಲ್ಲ, ಅದರ ಬಗ್ಗೆ ಕೆಳಗೆ ಉದ್ದಕ್ಕೆ ಬರ್ದಿದೀನಿ, ತುಮಕೂರು ಕಡೆಯೋರು ಅದ್ರಲ್ಲೂ ಮನೇಲಿ ಸ್ಕೂಲಿಗೆ ಹೋಗೋ ಮಕ್ಳಿರೋರು ದಯವಿಟ್ಟು ಪೂರ್ತಿ ಓದಿ.

ನಾನು ಇಲ್ಲೇ ತುಮಕೂರಲ್ಲಿ ಹೈಸ್ಕೂಲ್ ಮಕ್ಳಿಗೆ ವಿಜ್ಞಾನ ಹೇಳ್ಕೊಡ್ತೀನಿ. ಮಗಳು ಎಂಟನೇ ಕ್ಲಾಸು, ಮಗ ಮೂರನೇ ಕ್ಲಾಸು. ರಜೆ ಬಂತು ಅಂದ್ರೆ ಅವನಿಗೆ ಝೂ ಆಗ್ಬೇಕು, ಇವಳಿಗೆ ಒಂದು ವರ್ಷದಿಂದ ಜ್ವಾಲಾಮುಖಿ ಹುಚ್ಚು, ಮೊಬೈಲಲ್ಲಿ ಯಾವ್ದ್ಯಾವ್ದೋ ದೇಶದ ಲಾವಾ ಹರಿಯೋ ವಿಡಿಯೋ ನೋಡೋದು, ಅಮ್ಮ ನಾವು ಯಾವಾಗ ಹೋಗೋದು ಅನ್ನೋದು. ಭಾರತದಲ್ಲಿ ಈಗ ಉರಿಯೋ ಜ್ವಾಲಾಮುಖಿ ಅಂತ ಇರೋದು ಅಂಡಮಾನಿನ ಬ್ಯಾರನ್ ದ್ವೀಪ ಒಂದೇ, ಅಲ್ಲಿಗೆ ನಾವು ಹೋಗೋ ಮಾತಿಲ್ಲ. ಆದ್ರೆ ಆರಿ ಹೋಗಿ ಕಲ್ಲಾಗಿರೋ ಲಾವಾ ನಮ್ಮ ಮನೆಯಿಂದ ಎರಡು ಗಂಟೆ ದಾರೀಲಿದೆ ಕಣೆ, ಪುಣೆ ಹೈವೇಲಿ ಹಿರಿಯೂರು ದಾಟಿದ್ರೆ ಸಿಗುತ್ತೆ ಅಂದಾಗ ಅವಳು ನಂಬ್ಲಿಲ್ಲ. ಅಲ್ಲಿಂದ ಮುಂದಕ್ಕೆ ಚಿತ್ರದುರ್ಗದಲ್ಲಿ ಝೂನೂ ಇದೆ ಅಂದಾಗ ಇವನೂ ಕುಣಿದ. ಸಂಕ್ರಾಂತಿ ಆದ್ಮೇಲಿನ ಒಂದು ಶನಿವಾರ ಫಿಕ್ಸ್ ಮಾಡುದ್ವಿ, ನಮ್ಮತ್ತೆ ತವರು ಹಿರಿಯೂರು ಕಡೆ, ಅವ್ರೂ ಬರ್ತೀನಿ ಅಂದ್ರು.

ಐದು ಜನ, ನಮ್ಮದು ಬರೀ ಸ್ಕೂಟರ್ ಮನೆ, ಅದಕ್ಕೆ ಬಾಡಿಗೆ ಕಾರು. ಟೌನಲ್ಲಿರೋ ಒಂದು ಟ್ರಾವೆಲ್ಸ್ ಅವ್ರಿಗೆ ವಾರ ಮುಂಚೆನೇ ಫೋನ್ ಮಾಡಿ ಏಳು ಸೀಟಿನ ಎಸಿ ಗಾಡಿ ಕೇಳುದ್ವಿ. ಕಿಲೋಮೀಟರಿಗೆ 15 ರೂಪಾಯಿ, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ 400, ಟೋಲು ನಮ್ದು. ರೇಟು ಸರಿಯಾಗೇ ಇದೆ ಅನ್ನಿಸ್ತು, ಸಾವಿರ ಅಡ್ವಾನ್ಸ್ ಹಾಕುದ್ವಿ. ಹೊಸ ಗಾಡಿ ಮೇಡಂ, ಹಿಂದಿನ ಸೀಟಿಗೂ ಎಸಿ ಬರುತ್ತೆ, ವಯಸ್ಸಾದವ್ರಿಗೆ ಏನೂ ತೊಂದ್ರೆ ಇಲ್ಲ ಅಂತ ಅವ್ರೇ ಬಾಯ್ಬಿಟ್ಟು ಹೇಳಿದ್ರು, ನಾನು ಕೇಳಿರ್ಲಿಲ್ಲ.

ಶನಿವಾರ ಬೆಳಗ್ಗೆ ಆರೂವರೆಗೆ ಬರಬೇಕಿದ್ದ ಗಾಡಿ ಏಳೂಕಾಲಿಗೆ ಬಂತು. ಬಂದಿದ್ದು ಹೇಳಿದ ಗಾಡಿ ಅಲ್ಲ, ಹಳೇದು, ಸೀಟ್ ಕವರ್ ಹರಿದಿತ್ತು, ಹಿಂದಿನ ಸಾಲಿನ ಎಸಿ ಕೆಲಸಾನೇ ಮಾಡ್ತಿರ್ಲಿಲ್ಲ. ಆಫೀಸಿಗೆ ಫೋನ್ ಮಾಡಿದ್ರೆ "ನಿಮ್ ಗಾಡಿ ರಾತ್ರಿ ಬೇರೆ ಡ್ಯೂಟಿಗೆ ಹೋಯ್ತು ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದ್ರು ಅಷ್ಟೇ. ರೇಟಲ್ಲಿ ಕಮ್ಮಿ ಮಾಡ್ತೀರಾ ಅಂದ್ರೆ ಲೈನ್ ಕಟ್. ಎಪ್ಪತ್ತು ದಾಟಿರೋ ಹೆಂಗಸು ಜೊತೇಲಿದಾರೆ ಅಂತ ಎರಡೆರಡು ಸಲ ಹೇಳಿ ಬುಕ್ ಮಾಡಿದ್ದು, ಅದಕ್ಕೇ ನನಗೆ ಸಿಟ್ಟು ಬಂದಿದ್ದು. ಅತ್ತೇನೇ "ಕಿಟಕಿ ತೆಗೆದ್ರೆ ಆಯ್ತು ಬಿಡಮ್ಮ, ಚಳಿಗಾಲ, ಹೊರಡೋಣ" ಅಂದ್ರು, ಹೊರಟ್ವಿ.

ಇನ್ನು ಡ್ರೈವರ್. ಶಿರಾ ಕಡೆಯೋರು, ಐವತ್ತರ ಹತ್ರ ಇರ್ಬೋದು, ಗಾಡಿ ಲೇಟಾಗಿದ್ದು ಅವ್ರ ತಪ್ಪಲ್ಲ, ರಾತ್ರಿ ಹನ್ನೊಂದಕ್ಕೆ ಅವ್ರಿಗೆ ಡ್ಯೂಟಿ ಹೇಳಿದ್ರಂತೆ. ಆದ್ರೂ ಇಳಿದ ತಕ್ಷಣ "ತಪ್ಪಾಯ್ತು ಅಕ್ಕ" ಅಂದ್ರು. ಅತ್ತೆಗೆ ಹತ್ತಕ್ಕೆ ಇಳಿಯಕ್ಕೆ ಅಂತ ಒಂದು ಸಣ್ಣ ಮರದ ಮಣೆ ಡಿಕ್ಕೀಲಿ ಇಟ್ಕೊಂಡಿದಾರೆ, ಪ್ರತಿ ಸಲ ಗಾಡಿ ನಿಂತಾಗ್ಲೂ ತಾವೇ ಇಳಿದು ಬಂದು ಆ ಮಣೆ ಕೆಳಗಿಟ್ಟು "ನಿಧಾನ ಅಮ್ಮ, ಬಲಗಾಲು ಮೊದ್ಲು" ಅಂತ ಕೈ ಕೊಡೋರು, ದಿನ ಪೂರ್ತಿ ಹತ್ತು ಸಲ ಆದ್ರೂ ಮಾಡಿರ್ಬೇಕು, ಒಂದ್ಸಲಾನೂ ಮುಖ ಸಿಂಡರಿಸ್ಲಿಲ್ಲ. ಎಂಬತ್ತು ದಾಟಿ ಓಡಿಸ್ಲಿಲ್ಲ, ಫೋನ್ ಬಂದ್ರೆ ಸೈಡಿಗೆ ಹಾಕಿ ಮಾತಾಡೋರು. ಇಂಥೋರು ಸಿಗೋದು ಕಷ್ಟ.

ದಾರಿ ಬಗ್ಗೆ ಜಾಸ್ತಿ ಹೇಳಕ್ಕೇನಿಲ್ಲ, ತುಮಕೂರಿಂದ ದುರ್ಗದವರೆಗೆ ಸುಮಾರು 130 ಕಿಲೋಮೀಟರ್, ಹೈವೇ ಚೆನ್ನಾಗಿದೆ, ಸೀಬಿ, ಶಿರಾ, ಹಿರಿಯೂರು, ಐಮಂಗಲ, ಆಮೇಲೆ ದುರ್ಗ. ಸೀಬಿ ನರಸಿಂಹಸ್ವಾಮಿಗೆ ಅತ್ತೆ ಕೈ ಮುಗೀಬೇಕು ಅಂದ್ರು, ಹತ್ತು ನಿಮಿಷ ನಿಲ್ಲಿಸುದ್ವಿ, ಅಲ್ಲಿ ಮಂಟಪದ ಸೂರಲ್ಲಿರೋ ಹಳೇ ಚಿತ್ರಗಳನ್ನ ಕತ್ತೆತ್ತಿ ನೋಡದೆ ಬರಬೇಡಿ. ತಿಂಡಿ ಹೈವೇ ಪಕ್ಕದ ಒಂದು ಹೋಟ್ಲಲ್ಲಿ, ಇಡ್ಲಿ ತಣ್ಣಗಿತ್ತು, ಚಟ್ನಿ ನೀರು, ತುಮಕೂರಿನ ತಟ್ಟೆ ಇಡ್ಲಿ ತಿಂದು ಬೆಳೆದ ಮಕ್ಳು ಅರ್ಧ ಬಿಟ್ರು. ನೀವು ಊರಲ್ಲೇ ತಿಂಡಿ ತಿಂದು ಹೊರಡಿ, ಅದೇ ವಾಸಿ.

ಐಮಂಗಲದ ಹತ್ರ ಹೈವೇ ಬಿಟ್ಟು ಮರಡಿಹಳ್ಳಿ ಕಡೆ ತಿರುಗ್ಬೇಕು. ಮ್ಯಾಪ್ ಹಾಕ್ಕೊಂಡಿದ್ವಿ, ಆದ್ರೂ ಕೊನೇಲಿ ಒಬ್ರು ಕುರಿ ಕಾಯೋ ತಾತನ್ನ ಕೇಳುದ್ವಿ, ಅವ್ರು "ಆ ಫಾರಿನ್ ಜನ ಬಂದು ನೋಡ್ತಾರಲ್ಲ ಆ ಕಲ್ಲಾ" ಅಂತ ಕೋಲೆತ್ತಿ ತೋರ್ಸಿದ್ರು. ಇಳಿದು ನೋಡಿದ್ರೆ ಒಂದು ಸಾಧಾರಣ ಗುಡ್ಡ, ಮುಳ್ಳುಗಿಡ, ಕುರುಚಲು, ಬಿಸಿಲು. ನಮ್ಮನೆಯವ್ರು "ಇದಾ ಜ್ವಾಲಾಮುಖಿ?" ಅಂದ್ರು. ಅಲ್ಲ, ಬಾಯಿ ಬಿಟ್ಕೊಂಡಿರೋ ಬೆಟ್ಟ, ಹೊಗೆ, ಗುಂಡಿ ಅಂತ ಹುಡುಕ್ಕೊಂಡು ಹೋಗ್ಬೇಡಿ, ಅದೆಲ್ಲ ಸವೆದು ಮಣ್ಣಾಗಿ ಎಷ್ಟೋ ಕಾಲ ಆಯ್ತು. ಇಲ್ಲಿರೋದು ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿ ಉಕ್ಕಿದ ಲಾವಾ. ಈ ನೆಲ ಆವಾಗ ನೀರಿನಡಿ ಇತ್ತು ಅನ್ನೋದಕ್ಕೆ ಆ ಬಂಡೇನೇ ಸಾಕ್ಷಿ. ಹತ್ತಿರ ಹೋಗಿ ನೋಡಿದಾಗಲೇ ಅದು ಗೊತ್ತಾಗೋದು.

ಬಂಡೆ ಪೂರ್ತಿ ದಿಂಬು. ನಿಜವಾಗ್ಲೂ ದಿಂಬು ಕಣ್ರಿ. ಅಕ್ಕಿ ಮೂಟೆ ಗೋಡೌನಲ್ಲಿ ಪೇರ್ಸಿಟ್ಟಂಗೆ ಒಂದ್ರ ಮೇಲೊಂದು, ಒಂದ್ರ ಪಕ್ಕ ಒಂದು, ಕೆಲವು ತಲೆದಿಂಬಿನಷ್ಟು, ಕೆಲವು ದೊಡ್ಡ ಮೂಟೆಯಷ್ಟು, ಬೆನ್ನು ಎಲ್ಲಾ ಉಬ್ಬಿಕೊಂಡು ನುಣ್ಣಗೆ, ಎರಡು ದಿಂಬಿನ ಮಧ್ಯೆ ಬೆರಳು ಹೋಗೋವಂಥ ಸಂದಿ. ಬಣ್ಣ ಕಪ್ಪಲ್ಲ, ಹಸಿರು ಮಿಶ್ರ ಬೂದಿ, ನೀರು ಹಾಕಿ ಒರೆಸಿದ್ರೆ ಆ ಹಸಿರು ಎದ್ದು ಕಾಣುತ್ತೆ, ಬಾಟಲಲ್ಲಿದ್ದ ನೀರು ಸ್ವಲ್ಪ ಸುರಿದು ಮಕ್ಳಿಗೆ ತೋರ್ಸಿದೆ. ಆ ಹಸಿರು ಬಂದಿರೋದು ಕ್ಲೋರೈಟ್ ಅನ್ನೋ ಖನಿಜದಿಂದ, ಲಾವಾ ಕಲ್ಲು ನೆಲದಡಿ ಕೋಟ್ಯಂತರ ವರ್ಷ ಬಿಸಿ ಒತ್ತಡ ತಿಂದು ಹಿಂಗಾಗಿರೋದು, ಅದಕ್ಕೇ ಈ ಥರ ಬಂಡೆ ಪಟ್ಟಿಗೆ ಗ್ರೀನ್‌ಸ್ಟೋನ್ ಅಂತಾರೆ. ದುರ್ಗದ ಹತ್ರ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತಲ್ಲ, ಅದೂ ಇದೇ ಪಟ್ಟೀಲಿ ಬರೋದು.

ದಿಂಬು ಹೆಂಗಾಯ್ತು ಅಂತ ಮಗಳು ಕೇಳಿದ್ಲು. ನೀರೊಳಗೆ ಲಾವಾ ಬಂದ ತಕ್ಷಣ ಹೊರಗಿನ ಪದರ ತಣ್ಣೀರು ತಗುಲಿ ಚರ್ಮದ ಥರ ಗಟ್ಟಿಯಾಗುತ್ತೆ, ಒಳಗೆ ಇನ್ನೂ ಕುದೀತಿರುತ್ತೆ, ಹಿಂದಿಂದ ತಳ್ಳಿದಂಗೆ ಆ ಚರ್ಮ ಒಂದು ಕಡೆ ಒಡೆದು ಒಳಗಿಂದು ಹೊರಗೆ ಬಂದು ಇನ್ನೊಂದು ಉಂಡೆ, ಅದು ಒಡೆದು ಮತ್ತೊಂದು, ಹಿಂಗೆ ಪೇರಿಸ್ಕೊಂಡು ಹೋಗುತ್ತೆ. ನೆಲದ ಮೇಲೆ ಹರಿಯೋ ಲಾವಾಕ್ಕೆ ಈ ಆಕಾರ ಬರಲ್ಲ. ನಾನು ಇಷ್ಟೆಲ್ಲಾ ಹೇಳ್ತಾ ಇದೀನಿ, ಅತ್ತೆ ಒಂದು ಬಂಡೆ ಮೇಲೆ ಕೈಯಾಡಿಸ್ಕೊಂಡು ನಿಂತಿದ್ರು, "ಹೋಳಿಗೆಗೆ ಕಣಕದ ಉಂಡೆ ಕಟ್ಟಿ ಒಂದ್ರ ಮೇಲೊಂದು ಇಟ್ಟು ಮರೆತು ಬಿಟ್ರೆ ಹಿಂಗೇ ಕೂತ್ಕೊಂಡಿರುತ್ತೆ ನೋಡು" ಅಂದ್ರು. ನನಗೆ ಮೈ ಜುಂ ಅಂತು. ಯಾಕಂದ್ರೆ ಅದೇ ಅದರ ಗುಟ್ಟು, ಮೆತ್ತಗಿರೋ ಉಂಡೆ ಕೆಳಗಿನ ಎರಡು ಉಂಡೆ ಸಂದಿಗೆ ಇಳಿದು ತಳ ಚೂಪಾಗುತ್ತೆ, ಮೇಲೆ ಮಾತ್ರ ಗುಂಡಗೇ ಇರುತ್ತೆ, ಭೂಗರ್ಭ ತಜ್ಞರು ಅದನ್ನ ನೋಡೇ ಈ ಬಂಡೆಯ ತಲೆ ಯಾವ ಕಡೆ, ಬುಡ ಯಾವ ಕಡೆ, ಆಮೇಲೆ ನೆಲ ಮಗುಚಿದೆಯಾ ಅಂತ ಹೇಳೋದು. ಮಗಳು ಅಜ್ಜಿ ಕೈ ಹಿಡ್ಕೊಂಡು ಒಂದೊಂದು ದಿಂಬಿನ ತಳ ಹುಡುಕ್ಕೊಂಡು ಹೋದ್ಲು, ಸಿಕ್ಕಿದ್ದಕ್ಕೆಲ್ಲ "ಅಜ್ಜಿ ಇಲ್ಲಿ ಇಳಿದಿದೆ, ಇಲ್ಲಿ ಇಳಿದಿದೆ" ಅಂತ. ಇಪ್ಪತ್ತು ವರ್ಷದಿಂದ ಬೋರ್ಡ್ ಮೇಲೆ ಅಗ್ನಿಶಿಲೆ ಅಂತ ಬರೀತಾ ಬಂದಿದೀನಿ, ಇನ್ಮೇಲೆ ನಾನು ಕಣಕದ ಉಂಡೆ ಇಟ್ಕೊಂಡೇ ಪಾಠ ಮಾಡೋದು.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಜಿಯಾಲಜಿಕಲ್ ಸರ್ವೆಯವ್ರು ಕರ್ನಾಟಕದಲ್ಲಿ ಗುರ್ತಿಸಿರೋ ಇಂಥ ಜಾಗಗಳಲ್ಲಿ ಲಾಲ್‌ಬಾಗಿನ ಬಂಡೆ, ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬದ ಬಂಡೆ, ಕೋಲಾರ ಚಿನ್ನದ ಗಣಿ ಕಡೆ ಪೆದ್ದಪಲ್ಲಿ ಇವೂ ಬರ್ತವೆ. ಪೆದ್ದಪಲ್ಲೀಲೂ ಇದೇ ಥರ ದಿಂಬು ಲಾವಾ ಇದೆ, ಕೋಲಾರದವ್ರಿಗೆ ಅದೇ ಹತ್ರ. ಸೇಂಟ್ ಮೇರೀಸ್ ಲಾವಾ ಬರೀ 8.8 ಕೋಟಿ ವರ್ಷದ್ದು, ಬೆಳಗಾವಿ ಬಿಜಾಪುರ ಕಡೆ ಕರಿಮಣ್ಣಿಗೆ ಕಾರಣವಾದ ಡೆಕ್ಕನ್ ಲಾವಾ 6.6 ಕೋಟಿ ವರ್ಷದ್ದು, ಮರಡಿಹಳ್ಳಿ ಮುಂದೆ ಅವೆಲ್ಲ ಮೊನ್ನೆ ಮೊನ್ನೆಯವು. ಉಡುಪಿಗೆ ಹೋದೋರೆಲ್ಲ ಆ ದ್ವೀಪಕ್ಕೆ ಬೋಟ್ ಹತ್ತುತಾರೆ, ಇಲ್ಲಿ ಹೈವೇ ಪಕ್ಕದಲ್ಲೇ ಇರೋದನ್ನ ದಾಟ್ಕೊಂಡು ಹುಬ್ಬಳ್ಳಿಗೆ ಹೋಗ್ತಾರೆ, ನನಗೆ ಅದೇ ಸಂಕಟ.

ಒಂದು ವಿಷಯ ಬೇಜಾರಾಯ್ತು, ಬಂಡೆ ಮೇಲೆ ಯಾರೋ ಬಿಳಿ ಪೇಂಟಲ್ಲಿ ಹೆಸರು ಬರ್ದಿದಾರೆ, ಹಾರ್ಟ್ ಹಾಕಿದಾರೆ, ಒಂದು ಕಡೆ ತುಂಡು ಒಡೆದುಕೊಂಡು ಹೋಗಿರೋ ಹೊಸ ಗಾಯ. ಮಗ ಒಂದು ಸಣ್ಣ ಚೂರು ಜೇಬಿಗೆ ಹಾಕ್ಕೊಂಡಿದ್ದ, ವಾಪಸ್ ಇಡ್ಸಿದೆ, ಅತ್ತ, ಆದ್ರೂ ಇಡ್ಸಿದೆ. ಹೋಗೋರು ಕೈಯಲ್ಲಿ ಮುಟ್ಟಿ, ಫೋಟೋ ತಗೊಳ್ಳಿ, ಸುತ್ತಿಗೆ ಮಾತ್ರ ಬೇಡ. ನೆರಳಿಲ್ಲ, ಟಾಯ್ಲೆಟ್ ಕಾಣ್ಲಿಲ್ಲ, ಅಂಗಡಿ ಇಲ್ಲ. ಟೋಪಿ, ನೀರು, ಶೂ ಬೇಕೇ ಬೇಕು. ಒಂಬತ್ತರಿಂದ ಹನ್ನೊಂದರೊಳಗೆ ಮುಗ್ಸಿ, ಓರೆ ಬಿಸಿಲಲ್ಲಿ ದಿಂಬಿನ ಅಂಚೆಲ್ಲ ನೆರಳು ಬಿದ್ದು ಚೆನ್ನಾಗಿ ಕಾಣುತ್ತೆ, ನೆತ್ತಿ ಮೇಲೆ ಬಿಸಿಲು ಬಂದ್ರೆ ಎಲ್ಲಾ ಒಂದೇ ಸಮ ಬೂದಿ.

ನಾವು ಒಂದು ಗಂಟೆ ಅಂದ್ಕೊಂಡಿದ್ದು ಎರಡು ಗಂಟೆ ಆಯ್ತು. ಡ್ರೈವರ್ ಹಾರ್ನ್ ಹೊಡೀಲಿಲ್ಲ, ಎಷ್ಟೊತ್ತು ಅಂತ ಕೇಳ್ಲಿಲ್ಲ, ಕೊನೆಗೆ ಅವ್ರೂ ಮೇಲೆ ಹತ್ತಿ ಬಂದು ಮಗಳ ಹತ್ರ ಎಲ್ಲಾ ಕೇಳಿ ತಿಳ್ಕೊಂಡ್ರು. ಇಪ್ಪತ್ತೈದು ವರ್ಷ ಈ ರೋಡಲ್ಲಿ ಓಡಾಡಿದೀನಿ ಒಂದಿನಾನೂ ಇದನ್ನ ನೋಡಿರ್ಲಿಲ್ಲ ಪಾಪು ಅಂದ್ರು ಅವಳಿಗೆ.

ಅಲ್ಲಿಂದ ದುರ್ಗ ಹದಿನೈದು ಹದಿನಾರು ಕಿಲೋಮೀಟರ್. ಊಟ ಊರೊಳಗೆ ಒಂದು ಸಣ್ಣ ಮೆಸ್ಸಲ್ಲಿ, ರೊಟ್ಟಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ, ಒಳ್ಳೇ ಊಟ. ಕೋಟೆಗೆ ಈ ಸಲ ಹೋಗ್ಲಿಲ್ಲ, ಏಳು ಸುತ್ತಿನ ಕೋಟೆಗೆ ಒಂದಿನ ಪೂರ್ತಿ ಇಡಬೇಕು, ಮಧ್ಯಾಹ್ನ ಎರಡು ಗಂಟೆ ತುರುಕ್ಕೊಂಡು ಹೋದ್ರೆ ಏನೂ ನೋಡಕ್ಕಾಗಲ್ಲ. ಆದ್ರೆ ಕಾರಲ್ಲಿ ಹೋಗ್ತಾ ಮಗಳಿಗೆ ತೋರ್ಸಿದೆ, ಕೋಟೆ ಬೆಟ್ಟ ಗ್ರಾನೈಟ್, ನಮ್ಮ ಮಧುಗಿರಿ ಏಕಶಿಲೆ ಥರದ್ದೇ, ನೆಲದೊಳಗೇ ನಿಧಾನಕ್ಕೆ ಆರಿದ್ದು, ಅದಕ್ಕೇ ಅದರಲ್ಲಿ ಹರಳು ಕಣ್ಣಿಗೆ ಕಾಣುತ್ತೆ, ಲಾವಾ ಬೇಗ ಆರಿದ್ದು ಅದಕ್ಕೆ ಹರಳು ಕಾಣಲ್ಲ. ಒಂದೇ ಊರಲ್ಲಿ ಎರಡೂ ಸಿಗುತ್ತೆ.

ಆಡುಮಲ್ಲೇಶ್ವರ ಝೂ ಇರೋದು ಜೋಗಿಮಟ್ಟಿ ಕಡೆ, ಊರಿಂದ ಕೆಲವೇ ಕಿಲೋಮೀಟರ್, ಕಾಡಿನ ಬುಡದಲ್ಲಿ. ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲೂ ಅದೇ ಹಳೇ ಲಾವಾ ಬಂಡೆ ಇದೆ, ಬೆಳಗ್ಗೆ ಮುಟ್ಟಿ ಬಂದ ಕಲ್ಲಿನ ನೆಂಟರ ಮಡಿಲಲ್ಲೇ ಪ್ರಾಣಿ ನೋಡ್ದಂಗೆ. ಝೂ ಚಿಕ್ಕದು, ಇದನ್ನ ತಲೇಲಿಟ್ಕೊಂಡು ಹೋಗಿ. 1892ರಿಂದ ಇರೋ ಮೈಸೂರು ಝೂ ಜೊತೆ ಹೋಲಿಸ್ಬೇಡಿ, ಆನೆ ಜಿರಾಫೆ ನೋಡ್ಬೇಕು ಅಂತಿದ್ರೆ ಮೈಸೂರಿಗೇ ಹೋಗಿ. ಇಲ್ಲಿ ಚಿರತೆ, ಕರಡಿ, ಜಿಂಕೆ, ಮೊಸಳೆ, ನವಿಲು ಹಿಂಗೆ ನಮ್ಮ ಕಡೆ ಕಾಡಿನವೇ ಜಾಸ್ತಿ, ನನಗೆ ಇಷ್ಟ ಆಗಿದ್ದೇ ಅದು. ಮೈಸೂರಲ್ಲಿ ಅತ್ತೆ ಅರ್ಧಕ್ಕೆ ಕೂತ್ಬಿಟ್ಟಿದ್ರು, ಇಲ್ಲಿ ಪೂರ್ತಿ ನಡೆದ್ರು, ಮರದ ನೆರಳು, ಒಂದೂವರೆ ಗಂಟೇಲಿ ಆರಾಮಾಗಿ ಮುಗೀತು.

ಕರಡಿ ಮುಂದೆ ನಾವು ಅರ್ಧ ಗಂಟೆ ನಿಂತಿದ್ವಿ. ಅದು ನೆಲ ಕೆರೀತಾ ಇತ್ತು, ಆ ಉಗುರು ನೋಡ್ಬೇಕು, ಬೆರಳಷ್ಟುದ್ದ, ಬೆಳ್ಳಗೆ, ಕೊಕ್ಕೆ ಥರ ಬಾಗಿರೋದು, ಒಂದೊಂದು ಸಲ ಎಳೆದಾಗ್ಲೂ ಮಣ್ಣು ಹಿಂದಕ್ಕೆ ಎದ್ದು ಬೀಳೋದು. ಆಮೇಲೆ ಮೂತಿ ಗುಂಡಿಗೆ ಇಟ್ಟು ಉಫ್ ಅಂತ ಊದಿ ಸರ್ ಅಂತ ಹೀರ್ತು, ಆ ಸದ್ದು ನಾವು ನಿಂತಿರೋ ಕಡೆಗೆ ಕೇಳಿಸ್ತು. ನಮ್ಮ ಕಡೆಯ ಈ ಜಾತಿ ಕರಡಿಗೆ ಮೇಲಿನ ದವಡೇಲಿ ಮುಂದಿನ ಎರಡು ಹಲ್ಲು ಇರಲ್ಲ, ಆ ಸಂದೀಲೇ ಗೆದ್ದಲು ಹೀರೋದು, ಊದೋದು ಧೂಳು ಹಾರಿಸಕ್ಕೆ. ಮಗ ತನ್ನ ಮುಂದಿನ ಹಲ್ಲು ಬಿದ್ದಿರೋ ಜಾಗಕ್ಕೆ ಬೆರಳಿಟ್ಟು ಅದೇ ಥರ ಹೀರಿ ನೋಡ್ದ. ಎದೆ ಮೇಲಿನ ಬಿಳಿ ಪಟ್ಟೆ ಅದು ಎದ್ದು ನಿಂತಾಗ ಕಾಣಿಸ್ತು. ನಮ್ಮ ಜಿಲ್ಲೇಲಿ ಮಧುಗಿರಿ, ಪಾವಗಡ ಕಡೆ ಕರಡಿ ಹೊಲಕ್ಕೆ ಬಂತು ಅಂತ ಪೇಪರಲ್ಲಿ ಓದ್ತಾನೇ ಇರ್ತೀವಿ, ಜನ ಪಟಾಕಿ ಹೊಡೀತಾರೆ, ಕಲ್ಲು ಹೊಡೀತಾರೆ. ಅದು ಹುಡ್ಕೊಂಡು ಬರೋದು ಗೆದ್ದಲು, ಹಣ್ಣು, ಜೇನು. ಮಕ್ಳು ಒಂದ್ಸಲ ಹತ್ತಿರದಿಂದ ಇದನ್ನ ನೋಡಿದ್ರೆ ಕರಡಿ ಅಂದ ತಕ್ಷಣ ಕಲ್ಲು ಎತ್ಕೊಳ್ಳಲ್ಲ ಅಂತ ನನ್ನ ನಂಬಿಕೆ. ಚಿರತೆ ಮಲಗಿತ್ತು, ಬಾಲದ ತುದಿ ಅಷ್ಟೇ ಆಡ್ತಿತ್ತು. ಯಾರೋ ಹುಡುಗ್ರು ಎಬ್ಬಿಸಕ್ಕೆ ಶಿಳ್ಳೆ ಹಾಕಿದ್ರು, ನಮ್ಮನೆಯವ್ರು ಹೋಗಿ ಮೆತ್ತಗೆ ಹೇಳಿ ನಿಲ್ಲಿಸಿದ್ರು. ಹೊರಡೋ ಮುಂಚೆ ರಜೆ ದಿನ ಯಾವ್ದು ಅಂತ ಕೇಳ್ಕೊಂಡು ಹೋಗಿ.

ಸಂಜೆ ದುರ್ಗದಲ್ಲಿ ಮಿರ್ಚಿ ಮಂಡಕ್ಕಿ ತಿಂದು ಐದಕ್ಕೆ ಹೊರಟ್ವಿ. ವಾಣಿ ವಿಲಾಸ ಸಾಗರಕ್ಕೂ ಹೋಗೋಣ ಅಂತಿತ್ತು, ಅತ್ತೆಗೆ ಆಸೆ ಇತ್ತು, ಟೈಮ್ ಸಾಲ್ಲಿಲ್ಲ. 1907ರಲ್ಲಿ ಕಟ್ಟಿ ಮುಗ್ಸಿದ ಡ್ಯಾಮು, 1933ರಲ್ಲಿ ಒಂದ್ಸಲ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ 2022ರವರೆಗೆ ಬಿದ್ದಿರ್ಲಿಲ್ಲ. ಅತ್ತೆ ಹಿರಿಯೂರು ಬರೋವರೆಗೂ ಅವ್ರಪ್ಪ ಹೇಳ್ತಿದ್ದ ಮೊದಲ್ನೇ ಕೋಡಿ ಕಥೆ ಹೇಳಿದ್ರು, 2022ರಲ್ಲಿ ತಾವೇ ಹೋಗಿ ನೋಡಿ ಅತ್ತಿದ್ದೂ ಹೇಳಿದ್ರು, ಡ್ರೈವರ್ ಸೌಂಡ್ ಸಿಸ್ಟಮ್ ಆಫ್ ಮಾಡಿ ಕೇಳ್ತಿದ್ರು.

ಮನೆಗೆ ಬಂದಾಗ ಎಂಟು. ಮೀಟರ್ 306 ಕಿಲೋಮೀಟರ್, 4590 ರೂಪಾಯಿ, ಬಾಟಾ ಸೇರಿ 4990, ಟೋಲ್ ಬೇರೆ. ಆಫೀಸಿಂದ ಫೋನ್ ಬಂತು, ಇನ್ನೂ 350 ಕ್ಲೀನಿಂಗ್ ಚಾರ್ಜ್ ಅಂತೆ, ಮಣ್ಣು ರೋಡಿಗೆ ಹೋಗಿದೀರಿ ಅಂತೆ. ಬುಕ್ ಮಾಡೋವಾಗ ಈ ಮಾತು ಬಂದಿರ್ಲಿಲ್ಲ, ಬಿಲ್ ಕೊಡಿ ಕೊಡ್ತೀನಿ ಅಂದೆ, ಬಿಲ್ ಕೊಡಲ್ಲ ಅಂದ್ರು, ನಾನೂ ಕೊಡ್ಲಿಲ್ಲ. ಹೇಳಿದ ಗಾಡಿ ಕಳ್ಸಲ್ಲ, ಎಸಿ ಇಲ್ಲ, ಮೇಲೆ ಇದು ಬೇರೆ. ನೀವು ಯಾರ ಹತ್ರಾನೇ ಬುಕ್ ಮಾಡಿ, ಗಾಡಿ ನಂಬರು, ಎಸಿ, ಬಾಟಾ, ಎಕ್ಸ್‌ಟ್ರಾ ಏನೇನು ಎಲ್ಲಾ ವಾಟ್ಸಾಪಲ್ಲಿ ಬರೆಸ್ಕೊಂಡು ಆಮೇಲೇ ಅಡ್ವಾನ್ಸ್ ಹಾಕಿ, ಬಾಯಿ ಮಾತಿಗೆ ಹಾಕ್ಬೇಡಿ. ಡ್ರೈವರಿಗೆ ಬೇರೆಯಾಗಿ ಕೈಗೆ 300 ಕೊಟ್ವಿ, ಬೇಡ ಅಂದ್ರು, ಅತ್ತೆ ಬೈದು ಜೇಬಿಗೆ ಹಾಕಿದ್ರು.

ಸೋಮವಾರ ಸ್ಕೂಲಲ್ಲಿ ಎಚ್‌ಎಂ ಹತ್ರ ಲೆಟರ್ ಕೊಟ್ಟಿದೀನಿ, ಎಂಟನೇ ಕ್ಲಾಸಿನ ನಲವತ್ತೆರಡು ಮಕ್ಳನ್ನ ಫೆಬ್ರವರಿ ಒಳಗೆ ಮರಡಿಹಳ್ಳಿಗೆ ಕರ್ಕೊಂಡು ಹೋಗಕ್ಕೆ. ಆ ಡ್ರೈವರ್ ಅಣ್ಣನ ಭಾವ ಬಸ್ ಓಡಿಸ್ತಾರಂತೆ, ಅವ್ರ ಹತ್ರ ನೇರವಾಗಿ ಮಾತಾಡಿದೀನಿ, ಮರದ ಮಣೆ ಅದ್ರಲ್ಲೂ ಇಡಿಸ್ತೀನಿ ಅಕ್ಕ ಅಂದ್ರು, ಯಾಕಂದ್ರೆ ಅತ್ತೆ ಈ ಸಲಾನೂ ಬರ್ತೀನಿ ಅಂತ ಕೂತಿದಾರೆ, ಮಕ್ಳಿಗೆ ಕಣಕದ ಉಂಡೆ ಅವ್ರೇ ತೋರ್ಸ್ತಾರಂತೆ.